ಚಂದಯ್ಯನವರ ಹುಲ್ಲು ಬೆಳೆಯಲಿ

ಬಸವಕಲ್ಯಾಣಕ್ಕೆ ಹೋಗಿ ಬಂದ ಭಕ್ತರನ್ನು ಏನೇನು ನೋಡಿದಿರಿ ಎಂದು ಕೇಳಿದರೆ 108 ಅಡಿಯ ಬಸವಣ್ಣನವರ ಮೂರ್ತಿ, ಅನುಭವ ಮಂಟಪ, ಪರುಷಕಟ್ಟೆ, ಅಕ್ಕನಾಗಮ್ಮನವರ ಗವಿ, ಕೋಟೆ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ತ್ರಿಪುರಾಂತ ಕೆರೆಯ ಹೆಸರು ಬರುವುದು ಕೊನೆಗೆ, ಅದೂ ದಂಡೆಯ ಮೇಲೆ ಕುಳಿತು ಬುತ್ತಿ ಉಂಡ ಮಾತಿನೊಂದಿಗೆ.

ಉಣ್ಣಲಿ. ದಿನವಿಡೀ ಬಸ್ಸಿನಲ್ಲಿ ಕುಳಿತು ಬಂದ ತಾಯಂದಿರು, ಮಕ್ಕಳು ನೀರಿನ ಗಾಳಿಗೆ ಒಂದು ಗಳಿಗೆ ಮೈಯೊಡ್ಡಿದರೆ ತಪ್ಪೇನು? ದೋಣಿ ಹತ್ತಿದರೆ ಯಾತ್ರೆಯ ಪುಣ್ಯ ಕೆಡುತ್ತದೆ ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಪುಣ್ಯದ ಈ ಲೆಕ್ಕವನ್ನೇ ಶರಣರು ಅಳಿಸಿಹಾಕಿದ್ದರು.

ನನ್ನ ಚಿಂತೆ ಬೇರೆ. ಮೊದಲನೆಯ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ ತಂದ, ವಿಜ್ಞಾನೇಶ್ವರನು 'ಮಿತಾಕ್ಷರ' ಬರೆದ ಎಂಬ ಅರಮನೆಯ ಕಥೆಯನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ನಮಗೆ ಮುಖ್ಯವಾದದ್ದು ಹುಲ್ಲಿನ ಕಥೆ. ನುಲಿಯ ಚಂದಯ್ಯನವರು ನೀರಿನಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಕೊರಳಿನ ಲಿಂಗ ಜಾರಿ ಬಿದ್ದಿತಂತೆ. ಅವರು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆದರು. ಹಗ್ಗ ಹೊಸೆದು ಮಾರಿ ಜಂಗಮಕ್ಕೆ ಉಣಬಡಿಸುವ ಹೊತ್ತು ಮೀರಬಾರದಲ್ಲ! ಕೊನೆಗೆ ಲಿಂಗವೇ ಬೆನ್ನುಹತ್ತಿತು. ಕಾಯಕ ದೊಡ್ಡದೋ ಲಿಂಗಪೂಜೆ ದೊಡ್ಡದೋ ಎಂಬ ನಮ್ಮ ಅತಿ ದೊಡ್ಡ ಚರ್ಚೆಗಳಲ್ಲೊಂದು ಹುಟ್ಟಿದ್ದು ಹೀಗೆ, ನೀರಿನ ಪಕ್ಕದ ಕೆಸರಿನಲ್ಲಿ. ಆ ಶರಣರ ಗವಿಯನ್ನು ಇಂದಿಗೂ ಕಲ್ಯಾಣದಲ್ಲಿ ತೋರಿಸುತ್ತಾರೆ.

ಈಗ ಎಲ್ಲೆಡೆ ಕೆರೆಯ 'ಅಭಿವೃದ್ಧಿ' ಎಂದರೆ ಸುತ್ತಲೂ ಕಲ್ಲು ಹಾಸಿ, ಕಬ್ಬಿಣದ ಬೇಲಿ ಹಾಕಿ, ಬಾಗಿಲಲ್ಲಿ ಟಿಕೆಟ್ ಹರಿಯುವುದು. ಹುಲ್ಲಿಗೂ ಜಾಗವಿಲ್ಲ, ಹುಲ್ಲು ಕೊಯ್ಯುವವನಿಗೂ ಜಾಗವಿಲ್ಲ. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 770 ಅಮರಗಣಂಗಳ ನೆನಪಿಗೆ 770 ಕಂಬಗಳು, ಆಗಿನ ಲೆಕ್ಕದಲ್ಲಿ 500 ಕೋಟಿ ರೂಪಾಯಿಯ ಯೋಜನೆ. ಅದು ಪೂರ್ಣಗೊಂಡ ಮೇಲೆ ಬರುವ ಜನಸಾಗರದ ಭಾರ ಬೀಳುವುದು ಕೆರೆಯ ಮೇಲೆಯೇ. ಕಂಬಗಳ ಲೆಕ್ಕ ಹಾಕಿದವರು ಕೆರೆಗೆ ನೀರು ತರುವ ಕಾಲುವೆಗಳ ಲೆಕ್ಕವನ್ನೂ ಹಾಕಬೇಕು. ಚರಂಡಿಯ ನೀರು ಒಳಗೆ ಬರಬಾರದು. ದೋಣಿಗೆ ಬೇಕಾದರೆ ಶುಲ್ಕವಿರಲಿ, ದಂಡೆಗೆ ಬೇಡ. ಒಂದು ಮಗ್ಗುಲನ್ನಾದರೂ ಹುಲ್ಲಿಗೆ, ಹಕ್ಕಿಗೆ, ದನ ತೊಳೆಯುವ ರೈತನಿಗೆ ಹಾಗೆಯೇ ಬಿಡಬೇಕು.

ಸರ್ಕಾರಕ್ಕೆ ಹೇಳುವ ಮೊದಲು ನಮ್ಮವರಿಗೂ ಒಂದು ಮಾತು. ದಾಸೋಹ ಮುಗಿದ ಮೇಲೆ ಕೆರೆಯಂಗಳದಲ್ಲಿ ಉಳಿಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳು ಯಾರವು? ಈ ಶ್ರಾವಣದಲ್ಲಿ ಕಲ್ಯಾಣಕ್ಕೆ ಹೊರಡುವ ಮಠಗಳ ತಂಡಗಳು ಮುತ್ತುಗದ ಎಲೆಯ ಪತ್ರಾವಳಿಯನ್ನೂ ಕಸ ತುಂಬಲು ನಾಲ್ಕು ಗೋಣಿಚೀಲಗಳನ್ನೂ ಬಸ್ಸಿಗೆ ಹಾಕಿಕೊಳ್ಳಲಿ.