ಮನೆತನದ ದಾಖಲೆ ಉಳಿಯುವ ಬಗೆ

ವಂಶಾವಳಿ, ಹಳೆಯ ಪತ್ರ, ಭಾವಚಿತ್ರಗಳನ್ನು ಗಣಕಯಂತ್ರಕ್ಕೆ ಏರಿಸಿದೊಡನೆ ಅವು ಚಿರಸ್ಥಾಯಿಯಾದುವೆಂದು ಭಾವಿಸುವುದು ಭ್ರಮೆ. ಹಾರ್ಡ್ ಡಿಸ್ಕಿನ ಚಲಿಸುವ ಭಾಗಗಳು ಸವೆಯುತ್ತವೆ. ಪೆನ್‌ಡ್ರೈವನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಯೇ ಇರಿಸಿದರೆ ಅದರೊಳಗಿನ ವಿದ್ಯುದಾವೇಶ ಸೋರಿ ದಾಖಲೆ ಅಳಿಯಬಹುದು. ಸೋನಿ ಸಂಸ್ಥೆಯು ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು; ಇಂದು ಫ್ಲಾಪಿ ಉಳಿದಿದ್ದರೂ ಅದನ್ನು ಓದುವ ಯಂತ್ರ ದುರ್ಲಭ.

ತಾಳೆಗರಿಯ ಕಾವ್ಯ, ವಚನಗಳು ನಮ್ಮ ಕಾಲಕ್ಕೆ ದೊರೆತದ್ದು ಗರಿಯ ಬಾಳಿಕೆಯಿಂದಷ್ಟೇ ಅಲ್ಲ, ತಲೆತಲಾಂತರದಿಂದ ಪ್ರತಿಮಾಡುತ್ತ ಬಂದವರ ಶ್ರದ್ಧೆಯಿಂದ. ಆದುದರಿಂದ ದಾಖಲೆಗೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಪರವೂರಿನ ಬಂಧುಗಳ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಿ, ಸಾಧನ ಹಳತಾಗುವ ಮುನ್ನವೇ ಹೊಸದಕ್ಕೆ ಪ್ರತಿಮಾಡಬೇಕು. ಈ ಹೊಣೆಯನ್ನು ಕಿರಿಯರಿಗೆ ಒಪ್ಪಿಸದ ಮನೆಯಲ್ಲಿ ಎಷ್ಟು ಬೆಲೆಬಾಳುವ ಸಾಧನವೂ ನಿಷ್ಪ್ರಯೋಜಕವೇ ಸರಿ.