ಎರಡನೆಯ ಸಲದ ನಗೆ

ಹರಿಶ್ಚಂದ್ರನ ಕಥೆಯನ್ನು ನೂರನೆಯ ಸಲ ಕೇಳಿದಾಗಲೂ ಚಂದ್ರಮತಿಯ ಶೋಕಕ್ಕೆ ಕಣ್ಣು ತೇವಗೊಳ್ಳುತ್ತದೆ. ಆದರೆ ನಿನ್ನೆ ಕೇಳಿ ನಕ್ಕ ಚಟಾಕಿಯನ್ನು ಅದೇ ಮನುಷ್ಯ ಇಂದು ಮತ್ತೆ ಹೇಳತೊಡಗಿದರೆ ಸೌಜನ್ಯಕ್ಕಾಗಿ ಹಲ್ಲು ತೋರಿಸುತ್ತೇವೆಯೇ ಹೊರತು ಒಳಗಿನಿಂದ ನಗೆ ಉಕ್ಕುವುದಿಲ್ಲ. ಹೀಗಿದ್ದರೂ, ಒಮ್ಮೆ ನಗಿಸಿ ಗೆದ್ದ ಚಲಚ್ಚಿತ್ರಕ್ಕೆ ಎರಡನೆಯ ಭಾಗವನ್ನು ಜೋಡಿಸುವ ಸಾಹಸ ಇಂದು ಎಲ್ಲ ಭಾಷೆಗಳಲ್ಲಿಯೂ ನಡೆದಿದೆ. ಈ ಎರಡನೆಯವು ಮೊದಲಿನವುಗಳಿಗೆ ಸಾಟಿಯಾಗುತ್ತವೆಯೆ? ಇದನ್ನು ಬರಿಯ ಮನರಂಜನೆಯ ಪ್ರಶ್ನೆಯೆಂದು ತಳ್ಳಿಹಾಕಲಾಗದು. ಗಡಿಯ ಈಚೆಗಿರುವ ನಮ್ಮ ಮನೆಗಳ ಮಕ್ಕಳು ಯಾವ ಭಾಷೆಯಲ್ಲಿ ನಗುತ್ತಾರೆ ಎಂಬುದೂ ಇದರೊಡನೆ ಹೆಣೆದುಕೊಂಡಿದೆ.

ಅಧ್ಯಾಪಕ ತರಬೇತಿಯ ಮೊದಲ ಪಾಠಗಳಲ್ಲಿ ಒಂದು ಸೂತ್ರವಿದೆ: ಜ್ಞಾತದಿಂದ ಅಜ್ಞಾತಕ್ಕೆ ಸಾಗಬೇಕು. ಮಗುವಿಗೆ ತಿಳಿದುದರಿಂದ ಪಾಠವನ್ನು ಆರಂಭಿಸಬೇಕು. ಆದರೆ ಅಲ್ಲಿಯೇ ನಿಲ್ಲಬಾರದು. ಹಾಸ್ಯದ ಎರಡನೆಯ ಭಾಗವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನಮಗೆ ದೊರೆತಿಲ್ಲ. ಪರಿಚಿತ ಪಾತ್ರಗಳು ನಮ್ಮನ್ನು ಬಾಗಿಲವರೆಗೆ ಕರೆತರಲಿ. ಬಾಗಿಲಿನ ಆಚೆ ಮಾತ್ರ ಹೊಸ ಕೋಣೆ ಇರಬೇಕು. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ' ನಾಟಕವನ್ನು ದಶಕಗಳ ಕಾಲ ಆಡಿದರು. ನಾಟಕ ಅದೇ ಆದರೂ ಆಯಾ ದಿನದ ರಾಜಕೀಯವನ್ನು ಅಂದಂದೇ ಮಾತಿನಲ್ಲಿ ಸೇರಿಸುತ್ತಿದ್ದುದರಿಂದ ನಗೆ ಹಳಸಲಿಲ್ಲ. ಚಿತ್ರಕ್ಕೆ ಈ ಅನುಕೂಲವಿಲ್ಲ. ಒಮ್ಮೆ ಅಚ್ಚಾದ ಮಾತು ಅಚ್ಚಾದಂತೆಯೇ ಉಳಿಯುತ್ತದೆ. ಆದುದರಿಂದ ಹೊಸತನವನ್ನು ಕಥೆಯಲ್ಲಿಯೇ ತರಬೇಕಾಗುತ್ತದೆ.

ಹಾಗೆ ತಂದುದಕ್ಕೆ ಹಿಂದಿಯ 'ಲಗೇ ರಹೋ ಮುನ್ನಾಭಾಯಿ' (2006) ಉತ್ತಮ ಉದಾಹರಣೆ. ರಾಜಕುಮಾರ್ ಹಿರಾನಿಯವರ ಮೊದಲನೆಯ ಚಿತ್ರ 'ಮುನ್ನಾಭಾಯಿ ಎಂ.ಬಿ.ಬಿ.ಎಸ್.' (2003) ವೈದ್ಯಕೀಯ ಕಾಲೇಜಿನ ಕಥೆ. ಕನ್ನಡಕ್ಕೂ ಅದು 'ಉಪ್ಪಿದಾದಾ ಎಂ.ಬಿ.ಬಿ.ಎಸ್.' ಎಂಬ ಹೆಸರಿನಲ್ಲಿ ಬಂದಿತು. ಎರಡನೆಯದರಲ್ಲಿ ಅದೇ ಮುನ್ನಾ, ಅದೇ ಸರ್ಕಿಟ್. ಆದರೆ ಆಸ್ಪತ್ರೆ ಮಾಯವಾಗಿ ಗಾಂಧೀಜಿಯವರೇ ಎದುರಿಗೆ ಬಂದು ನಿಲ್ಲುತ್ತಾರೆ. ಪುಂಡನೊಬ್ಬ ಅಹಿಂಸೆಯನ್ನು ಕಲಿಯಹೊರಟರೆ ಏನಾದೀತು ಎಂಬುದು ಹೊಸ ಪ್ರಶ್ನೆ. ಗಾಂಧೀಜಿಯ ಪಾತ್ರಕ್ಕಾಗಿ ಮರಾಠಿ ನಟ ದಿಲೀಪ್ ಪ್ರಭಾವಳಕರ್ ಅವರಿಗೆ ರಾಷ್ಟ್ರ ಪ್ರಶಸ್ತಿಯೂ ದೊರೆಯಿತು. ಮೊದಲನೆಯದನ್ನು ನೋಡದವರೂ ಇದನ್ನು ನೋಡಿ ನಕ್ಕರು, ನಕ್ಕು ಯೋಚಿಸಿದರು.

ಇನ್ನು ನಮ್ಮ ಸುತ್ತಲಿನ ಮರಾಠಿಗೆ ಬರೋಣ. ಸಚಿನ್ ಪಿಳಗಾಂವಕರ್ ಅವರ 'ನವರಾ ಮಾಝಾ ನವಸಾಚಾ' (2004) ಹರಕೆ ಹೊತ್ತ ಗಂಡನನ್ನು ಕರೆದುಕೊಂಡು ಎಸ್.ಟಿ. ಬಸ್ಸಿನಲ್ಲಿ ಗಣಪತಿಪುಳೆಗೆ ಹೊರಟ ದಂಪತಿಯ ಕಥೆ. ಇದೇ ಕಥೆಯನ್ನು ಸಚಿನ್ ಅವರೇ 2007ರಲ್ಲಿ ವಿಷ್ಣುವರ್ಧನ್ ಮತ್ತು ಪ್ರೇಮಾ ಅವರೊಡನೆ ಕನ್ನಡದಲ್ಲಿ 'ಏಕದಂತ'ವನ್ನಾಗಿ ಮಾಡಿದರು. ಉಮರ್ಗಾ, ನಿಲಂಗಾ, ಉದಗೀರಗಳ ನಮ್ಮವರು ಎರಡನ್ನೂ ಸಮನಾಗಿ ಸವಿಯಬಲ್ಲರು. ಇದು ಗಡಿನಾಡಿನ ಭಾಗ್ಯ. 20 ವರ್ಷಗಳ ಬಳಿಕ, 2024ರಲ್ಲಿ, ಮರಾಠಿಯಲ್ಲಿ ಎರಡನೆಯ ಭಾಗ ಬಂದಿತು. ಈ ಸಲ ಮಗಳು ಅಳಿಯಂದಿರ ಸರದಿ. ಬಸ್ಸಿನ ಬದಲು ಕೊಂಕಣ ರೈಲು. ಹಳೆಯ ಬಂಧುಗಳನ್ನು ಕಂಡ ಸಂತೋಷ ಪ್ರೇಕ್ಷಕನಿಗೆ ಆಗುವುದು ಸಹಜ. ಆದರೆ ಹರಕೆಯೂ ಅದೇ, ಯಾತ್ರೆಯೂ ಅದೇ. ವಾಹನ ಬದಲಾದ ಮಾತ್ರಕ್ಕೆ ದಾರಿ ಹೊಸದಾಗದು.

ಬೇರೆ ಕೆಲವರು ಊರನ್ನೇ ಬದಲಿಸಿದರು. 'ದೇ ಧಕ್ಕಾ' (2008) ನೂಕಿದ ಹೊರತು ಓಡದ ಗಾಡಿಯಲ್ಲಿ ಮಗಳ ನೃತ್ಯಸ್ಪರ್ಧೆಗೆಂದು ಮುಂಬಯಿಗೆ ಹೊರಟ ಬಡ ಕುಟುಂಬದ ಕಥೆ. ಕನ್ನಡದಲ್ಲಿ ಅದು 'ಕ್ರೇಜಿ ಕುಟುಂಬ' (2010) ಆಯಿತು. ಅಲ್ಲಿಯ ನಗೆಯ ಬೇರು ಬಡತನದಲ್ಲಿತ್ತು. 2022ರ ಎರಡನೆಯ ಭಾಗ ಆ ಕುಟುಂಬವನ್ನು ಲಂಡನ್ನಿಗೆ ಒಯ್ದಿತು. ಕನ್ನಡದಲ್ಲಿ ಶರಣ್ ಅವರ 'ಅಧ್ಯಕ್ಷ' (2014) ಹಳ್ಳಿಯ ಹುಡುಗರ ಸಂಘದ ಚೇಷ್ಟೆಯಿಂದ ಮೆಚ್ಚುಗೆ ಗಳಿಸಿದರೆ, 'ಅಧ್ಯಕ್ಷ ಇನ್ ಅಮೆರಿಕಾ' (2019) ಮಲಯಾಳದ 'ಟೂ ಕಂಟ್ರೀಸ್' ಕಥೆಗೆ ಹಳೆಯ ಹೆಸರನ್ನು ತೊಡಿಸಿತು. ಖರ್ಚು ಹೆಚ್ಚಿದಷ್ಟೂ ನಗೆ ಹೆಚ್ಚುತ್ತದೆಂಬ ನಂಬಿಕೆ ಇಂಥಲ್ಲಿ ಕೆಲಸ ಮಾಡಿರಬೇಕು. ಹಳ್ಳಿಯ ಕಟ್ಟೆಯ ಮೇಲೆ ಹುಟ್ಟಿದ ವಿನೋದವನ್ನು ಕಿತ್ತು ಬೇರೆಡೆ ನಟ್ಟರೆ ಅದು ಬಾಡುತ್ತದೆಂಬುದು ನಮ್ಮ ಅಭಿಪ್ರಾಯ.

ಮೂರನೆಯ ತೊಡಕು ನಟನದು. ಮಹೇಶ್ ಕೋಠಾರೆಯವರ 'ಝಪಾಟಲೇಲಾ' (1993) ಎಂದರೆ ತಾತ್ಯಾ ವಿಂಚೂ ಎಂಬ ಬೊಂಬೆ ಎಷ್ಟೋ, ಅದಕ್ಕೆ ಹೆದರಿ ನಡುಗುವ ಲಕ್ಷ್ಮೀಕಾಂತ್ ಬೇರ್ಡೆಯೂ ಅಷ್ಟೇ. 2013ರಲ್ಲಿ ಎರಡನೆಯ ಭಾಗ ಬಂದಾಗ ಬೊಂಬೆ ಮರಳಿತು. 2004ರಲ್ಲಿ ತೀರಿಕೊಂಡಿದ್ದ ಬೇರ್ಡೆ ಮರಳಲಿಲ್ಲ. ಕನ್ನಡದ 'ಎದ್ದೇಳು ಮಂಜುನಾಥ'ದ (2009) ಸೋಮಾರಿಯನ್ನು ಜಗ್ಗೇಶ್ ಅವರಿಲ್ಲದೆ ಊಹಿಸುವುದು ಕಷ್ಟ. ನಿರ್ದೇಶಕ ಗುರುಪ್ರಸಾದ್ 2024ರಲ್ಲಿ ಅಗಲಿದ ಮೇಲೆ, 2025ರಲ್ಲಿ ಬಿಡುಗಡೆಯಾದ ಎರಡನೆಯ ಭಾಗದಲ್ಲಿ ಜಗ್ಗೇಶ್ ಇರಲಿಲ್ಲ. ಮಾತು ಬರೆದವನ ಲೇಖನಿ ಎಷ್ಟೇ ಹರಿತವಾಗಿರಲಿ, ಅದನ್ನು ಆಡುವ ಮುಖವೂ ಹಾಸ್ಯದ ಅರ್ಧ ಪಾಲು.

ಅಂಕೆ ಹಚ್ಚುವ ಪದ್ಧತಿ ಕನ್ನಡಕ್ಕೆ ತೀರ ಹೊಸದಲ್ಲ. 'ಗೋಲ್‌ಮಾಲ್ ರಾಧಾಕೃಷ್ಣ' 1990ರಲ್ಲಿ ಬಂದರೆ ಅದರ ಎರಡನೆಯ ಭಾಗ ಮರುವರ್ಷವೇ ಬಂದಿತು. ಆದರೆ ಅದೇ ಕಾಲದಲ್ಲಿ ಫಣಿ ರಾಮಚಂದ್ರ ಅವರು ಬೇರೊಂದು ಹಾದಿ ತೋರಿಸಿದರು. 'ಗಣೇಶನ ಮದುವೆ' (1990), 'ಗೌರಿ ಗಣೇಶ' (1991), 'ಗಣೇಶ ಸುಬ್ರಹ್ಮಣ್ಯ' (1992) — ಮೂರರಲ್ಲಿಯೂ ಗಣೇಶನ ಹೆಸರು, ಮೂರರಲ್ಲಿಯೂ ಅನಂತನಾಗ್. ಕಥೆ ಮಾತ್ರ ಪ್ರತಿಸಲ ಬೇರೆ. ಮೊದಲನೆಯದು ವಠಾರದ, ಅಂದರೆ ನಮ್ಮ ಕಡೆಯ ಚಾಳಿನ, ಜಗಳ ಮತ್ತು ಗುಪ್ತ ಪ್ರೇಮಪತ್ರಗಳದು. ಎರಡನೆಯದು ಸತ್ತ ಹೆಣ್ಣೊಬ್ಬಳ ದಿನಚರಿಯನ್ನು ಹಿಡಿದು ಮೋಸ ಮಾಡಹೊರಟವನದು. ಪ್ರೇಕ್ಷಕ ಪರಿಚಿತನೆಂದು ಒಳಗೆ ಬಂದ, ಹೊಸದನ್ನು ಉಂಡು ಹೋದ. ಜ್ಞಾತದಿಂದ ಅಜ್ಞಾತಕ್ಕೆ ಸಾಗುವುದೆಂದರೆ ಇದೇ.

ಈಗ ಮಕ್ಕಳ ಮಾತು. 1956ರವರೆಗೆ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಗೇ ಸೇರಿದ್ದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಆದರೆ ಶಾಲೆಯಲ್ಲಿ ಮರಾಠಿ ಕಲಿತ ಮಗುವಿಗೆ ಮರಾಠಿಯ ಶ್ಲೇಷೆ ಒಡನೆ ಹೊಳೆಯುತ್ತದೆ. ಬೆಂಗಳೂರಿನ ಕನ್ನಡದ ವಿನೋದ ಹೊಳೆಯುವುದಿಲ್ಲ. ಮರಾಠಿಯಲ್ಲಿ ನಗುವುದು ತಪ್ಪಲ್ಲ, ಅದೂ ನಮ್ಮದೇ ನೆರೆಯ ಸಂಪತ್ತು. ಕನ್ನಡದಲ್ಲಿ ನಗಲಾರದೆ ಹೋಗುವುದು ಮಾತ್ರ ನಷ್ಟ. ಕೆಲಸ ಹೇಳುವುದಕ್ಕೂ ಗದರಿಸುವುದಕ್ಕೂ ಮಾತ್ರ ಮನೆಯಲ್ಲಿ ಬಳಕೆಯಾಗುವ ಭಾಷೆಯನ್ನು ಮಗು ಬೆಳೆದಂತೆ ಬಿಟ್ಟುಬಿಡುತ್ತದೆ. ನಕ್ಕು ಕಲಿತ ಭಾಷೆಯನ್ನು ಬಿಡುವುದಿಲ್ಲ.

ಎರಡನೆಯ ಭಾಗಗಳಿಂದ ಒಂದು ಉಪಕಾರವಂತೂ ಉಂಟು: ಅವು ಮೊದಲನೆಯದನ್ನು ನೆನಪಿಸುತ್ತವೆ. ಹೊಸದೊಂದು ಬಂದಿತೆಂದು ಮಕ್ಕಳು ಮೊಬೈಲು ಹಿಡಿದು ಕುಳಿತಾಗ, ಹಿರಿಯರು ಮೊದಲನೆಯದನ್ನು ಎಲ್ಲರೊಡನೆ ಕುಳಿತು ನೋಡುವ ಏರ್ಪಾಡು ಮಾಡಲಿ. 'ನವರಾ ಮಾಝಾ ನವಸಾಚಾ' ನೋಡಿದ ಮನೆಯಲ್ಲಿ 'ಏಕದಂತ'ವೂ ನಡೆಯಲಿ. ತಿಳಿಯದ ಮಾತನ್ನು ಅಜ್ಜಿಯೋ ತಂದೆಯೋ ನಮ್ಮ ಮನೆಗನ್ನಡದಲ್ಲಿ ಬಿಡಿಸಿ ಹೇಳಲಿ. ಮರುದಿನ ಆ ಕಥೆಯನ್ನು ಮಗುವಿನಿಂದಲೇ ಹೇಳಿಸಲಿ. ಎರಡನೆಯ ಚಿತ್ರ ಮೊದಲಿನದಕ್ಕೆ ಸಾಟಿಯೆ ಎಂಬ ತೀರ್ಪನ್ನು ಆಮೇಲೆ ಆ ಮಗುವೇ ಕನ್ನಡದಲ್ಲಿ ಹೇಳೀತು.