‘ಸರ್ವರ್ ಡೌನ್’ ಅಂದರೆ ಒಂದು ಪ್ರಶ್ನೆ ಕೇಳ್ರಿ

“ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.” ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆಯ ಆನ್‌ಲೈನ್ ಸೆಂಟರ್‌ಗಳಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅಂತ ಒಂದು ದಿನದ ಕೂಲಿ ಬಿಟ್ಟು ಬಂದವರು ಸುಮ್ಮನೆ ವಾಪಸ್ ಹೋಗ್ತಾರೆ. ಸರ್ವರ್ ಎಲ್ಲೋ ಬೆಂಗಳೂರಿನಲ್ಲಿರೋ ವಸ್ತು, ಅದರ ಬಗ್ಗೆ ಇಲ್ಲಿ ಯಾರ ಜೊತೆ ಜಗಳ ಆಡೋದು?

ಸರ್ವರ್ ನಿಜವಾಗಿ ಕೈಕೊಡೋದೂ ಉಂಟು. ಆದರೆ ಮೇಜಿನ ಮೇಲಿರೋ ಕಂಪ್ಯೂಟರಿನ ನೆಟ್ ಹೋದಾಗಲೂ ಅದೇ ಮಾತು ಹೇಳಿದರೆ ಅದು ಸುಳ್ಳು. ಪತ್ತೆ ಹಚ್ಚೋದು ಸುಲಭ. ಸರ್ಕಾರಿ ಸರ್ವರ್ ಕೆಟ್ಟರೆ ಆ ಸೈಟ್ ಮಾತ್ರ ತೆರೆಯಲ್ಲ. “ಅದರಾಗ ಯೂಟ್ಯೂಬ್ ಬರ್ತೈತೇನಣ್ಣ?” ಅಂತ ಕೇಳ್ರಿ. ಅದೂ ಬರದಿದ್ದರೆ ಕೆಟ್ಟಿರೋದು ಇಲ್ಲೇ. ಅದೇ ಅಂಗಡಿ ವೈಫೈಗೆ ಜೋಡಿಸಿದ ಫೋನಿನಲ್ಲಿ ನೆಟ್ ಬಂದರೆ ಲೈನೂ ಸರಿಯಿದೆ, ಕೆಟ್ಟಿರೋದು ಆ ಕಂಪ್ಯೂಟರ್ ಒಂದೇ.

ಈ ಸುಳ್ಳಿಗೆ ಈಗ ಹೊಸ ನೆಪ ಸಿಕ್ಕಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೇ ಡೆಸ್ಕ್‌ಟಾಪ್‌ಗಳಿಗೆ ಕೆಲವರು ಉಬುಂಟು, ಮಿಂಟ್ ಹಾಕಿಸಿಕೊಂಡರು. ಒಳ್ಳೆಯ ಕೆಲಸ, ಪುಕ್ಕಟೆ ಬೇರೆ. ಒಂದು ದಿನ ಅಪ್‌ಡೇಟ್ ಆಗ್ತದೆ, ಯಂತ್ರ ಆಫ್ ಮಾಡಿ ಆನ್ ಮಾಡಿದರೆ ವೈಫೈ ಮಾಯ. “ಈ ಲಿನಕ್ಸ್ ಹಣೆಬರಹಾನೇ ಇಷ್ಟು” ಅಂತ ಕಳ್ಳ ವಿಂಡೋಸ್ ಹಾಕಿಸ್ತಾರೆ, ಇಲ್ಲಾ ಅಪ್‌ಡೇಟನ್ನೇ ಬಂದ್ ಮಾಡ್ತಾರೆ. ಅದೇ ಯಂತ್ರದಲ್ಲಿ ನಮ್ಮ ನಿಮ್ಮ ಆಧಾರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿ ಇಟ್ಟಿರ್ತಾರೆ ಅನ್ನೋದು ನೆನಪಿರಲಿ.

ಅಪ್‌ಡೇಟ್‌ನಿಂದ ಕೆಡೋದು ಲಿನಕ್ಸ್ ಒಂದೇನಾ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅವತ್ತು ಯಾರೂ ವಿಂಡೋಸ್ ಬಿಟ್ಟು ಓಡಲಿಲ್ಲ.

ಆಗೋದು ಇಷ್ಟೇ. ಅಪ್‌ಡೇಟ್‌ನಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾಗ್ತದೆ. ಬ್ರಾಡ್‌ಕಾಮ್, ರಿಯಲ್‌ಟೆಕ್‌ನ ಕೆಲವು ವೈಫೈ ಕಾರ್ಡ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಿರ್ತಾರೆ. ಅದು ಹೊಸ ಕರ್ನಲ್‌ಗೆ ಹೊಂದದಿದ್ದರೆ ಕಾರ್ಡ್ ಇದ್ದೂ ಇಲ್ಲದ ಹಾಗೆ. ಉಬುಂಟು ಹಳೇ ಕರ್ನಲ್ಲನ್ನೂ ಉಳಿಸಿಕೊಂಡಿರ್ತದೆ. ಯಂತ್ರ ಆನ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೇದನ್ನು ಆರಿಸಬಹುದು. ಅದರಲ್ಲಿ ವೈಫೈ ಬಂದರೆ ತಪ್ಪು ಎಲ್ಲಿದೆ ಅಂತ ಗೊತ್ತಾಯ್ತು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಅವತ್ತಿನ ಕೆಲಸವೂ ನಿಲ್ಲಲ್ಲ. ಅದೇ ನೆಟ್‌ನಲ್ಲಿ ಡ್ರೈವರ್ ತೆಗೆದು ಮತ್ತೆ ಹಾಕಬಹುದು.

ವೈಫೈ ಜೋಡಣೆ ಆಗಿದೆ, ಆದರೂ ಯಾವ ಸೈಟೂ ತೆರೆಯಲ್ಲ ಅಂದರೆ ಅದು ಬೇರೆ ರೋಗ. 8.8.8.8ಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದು, ಹೆಸರಿಗೆ ಮಾಡಿದಾಗ ಬರದಿದ್ದರೆ ವಿಳಾಸ ಹುಡುಕೋ ಡಿಎನ್‌ಎಸ್ ಕೆಟ್ಟಿದೆ ಅಂತ. 2022ರ ಆಗಸ್ಟ್ 30ರಂದು ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿದ್ದ ಉಬುಂಟು 18.04 ಯಂತ್ರಗಳಿಗೆ ಅಪ್‌ಡೇಟ್ ಆದ ಮೇಲೆ ಇದೇ ಆಗಿತ್ತು. ಅಷ್ಟು ದೊಡ್ಡವರಿಗೂ ಬಂದ ರೋಗ ನಮ್ಮ ಝೆರಾಕ್ಸ್ ಅಂಗಡಿಗೆ ಬಂದರೆ ನಾಚಿಕೆ ಯಾಕೆ? ಹೌದು, ನಮ್ಮ ಯಂತ್ರ ಕೆಟ್ಟಿದೆ ಅಂದರೆ ಆಯ್ತು. ಬಂದವರು ಪಕ್ಕದ ಸೆಂಟರ್‌ಗೆ ಹೋಗಿ ಅವತ್ತೇ ಕೆಲಸ ಮುಗಿಸಿಕೊಳ್ತಾರೆ. ಗಿರಾಕಿ ಹೋಗ್ತಾನೆ ಅಂತಲೇ ಆ ಮಾತು ಬಾಯಿಗೆ ಬರಲ್ಲ.

ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಬಳಸ್ತಿವೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಅದರಲ್ಲಿವೆ. ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು ಯಂತ್ರ ಕೊಟ್ಟರು. ನಮ್ಮಲ್ಲಿ ಸೆಂಟರ್‌ಗೆ ಐಡಿ ಕೊಡುವವರು ಫಾರಂ ತುಂಬೋದರ ಜೊತೆ ಇದನ್ನೂ ಅರ್ಧ ದಿನ ಕಲಿಸಲಿ. ಅಪ್‌ಡೇಟನ್ನು ಗಿರಾಕಿ ಕೂತಿರುವಾಗ ಅಲ್ಲ, ರಾತ್ರಿ ಅಂಗಡಿ ಮುಚ್ಚುವಾಗ ಮಾಡಲಿ. ನೆಟ್ ಬರ್ತಿದೆಯಾ ಅಂತ ಅಲ್ಲೇ ನೋಡಿ ಬೀಗ ಹಾಕಲಿ.